ಅಣಬೆಯ ಹೆಪ್ಪು

ನಮ್ಮೂರಿನ ಹಳ್ಳ ಹದಿನೈದು ದಿನ ಮೂಡಣಕ್ಕೆ ಹರಿಯುತ್ತದೆ, ಹದಿನೈದು ದಿನ ಪಡುವಣಕ್ಕೆ. ನಡುವೆ ಅರ್ಧ ದಿನ ಸುಮ್ಮನೆ ನಿಂತಿರುತ್ತದೆ. ಅದಕ್ಕೆ ನಾವು ತಿರುವು ಎನ್ನುತ್ತೇವೆ. ತಿರುವಿನ ದಿನ ಶಾಲೆಗೆ ಮಧ್ಯಾಹ್ನದವರೆಗೆ ರಜೆ. ದೋಣಿಯವನು ದೋಣಿಯ ಮೂತಿ ಈ ಕಡೆಯಿಂದ ಆ ಕಡೆಗೆ ಮಾಡಿ ಕಟ್ಟುತ್ತಾನೆ. ಹೊಸದಾಗಿ ಬಂದ ಸೊಸೆಯಂದಿರಿಗೆ ಇದು ರೂಢಿಯಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ನಾನು ಮದುವೆಯಾಗಿ ಬಂದ ಮೊದಲ ವಾರವೇ ತವರಿನ ಹಿತ್ತಾಳೆ ತಂಬಿಗೆಯನ್ನು ನೀರಿಗೆ ಬಿಟ್ಟು, ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಅತ್ತೆ ನಕ್ಕುಬಿಟ್ಟಿದ್ದಳು. "ಅಳಬ್ಯಾಡ, ದಾಕ್ಷವ್ವ. ಹುಣ್ಣಿಮಿ ಕಳದ ಮ್ಯಾಲ ತಾನ ಬರತೈತಿ." ಬಂದೇ ಬಂತು. ಸ್ವಲ್ಪ ಹಸಿರುಗಟ್ಟಿತ್ತು, ಅಷ್ಟೆ.

ಹಳ್ಳಕ್ಕೆ ಬಿದ್ದದ್ದು ಹೋಯಿತು ಎಂದು ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ. ಚಪ್ಪಲಿ ಬರುತ್ತದೆ, ಕೊಡ ಬರುತ್ತದೆ, ಜಗಳದಲ್ಲಿ ಗಂಡ ಎಸೆದ ಹೆಂಡತಿಯ ಕನ್ನಡಿ ಬರುತ್ತದೆ. ಹೀಗೆ ಎಲ್ಲವೂ ತಿರುಗಿ ಬರುವ ಊರಿನ ನಟ್ಟನಡುವೆ ನಮ್ಮ ಬಣ್ಣದ ಮನೆ ಇತ್ತು. ನಮ್ಮದೊಂದೇ ಅಲ್ಲ, ಹಳ್ಳದ ದಂಡೆಗುಂಟ ಅಂಥವು ಹನ್ನೊಂದು. ಇನ್ನೂರು ಮಗ್ಗಗಳಿಗೆ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದವರು ನಾವು.

ನನ್ನ ಗಂಡ ಮುರಿಗೆಪ್ಪ ಕೆಂಪಿಗೆ ಹೆಸರಾದವರು. ಹಂಡೆಯ ನೀರಿಗೆ ಕಿರುಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡು, ಉಪ್ಪು ಸಾಲದು ಸೋಡಾ ಹೆಚ್ಚಾಯಿತು ಎಂದು ಹೇಳುವರು. ಅವರ ಮೊಣಕೈವರೆಗೆ ಯಾವ ಕಾಲಕ್ಕೂ ಹೋಗದ ಒಂದು ಕೆಂಪು ಕೂತಿತ್ತು. ಅವರಪ್ಪನ ಕಾಲದಲ್ಲಿ ಬೇರು, ಚಕ್ಕೆ, ಹೂವು ಕುದಿಸಿ ಬಣ್ಣ ತೆಗೆಯುತ್ತಿದ್ದರಂತೆ. ಆ ನೀರು ಹಳ್ಳಕ್ಕೆ ಹೋದರೂ ತಿರುಗಿ ಬರುವಷ್ಟರಲ್ಲಿ ತಿಳಿಯಾಗಿರುತ್ತಿತ್ತು. ಪೊಟ್ಟಣದ ಪುಡಿ ಬಂದ ಮೇಲೆ ಹಾಗಾಗಲಿಲ್ಲ. ನಾವು ಮೂಡಣಕ್ಕೆ ಬಿಟ್ಟ ಕೆಂಪು ಹದಿನೈದು ದಿನದ ನಂತರ ಕಪ್ಪಾಗಿ ನಮ್ಮ ಬಾಗಿಲಿಗೇ ಬರುತ್ತಿತ್ತು. ಅದರಲ್ಲಿ ಜಾಲಾಡಿದ ಹಳದಿ ನೂಲು ಸೆಗಣಿ ಬಣ್ಣಕ್ಕೆ ತಿರುಗುತ್ತಿತ್ತು. ಆದರೂ ಬಿಡುತ್ತಲೇ ಇದ್ದೆವು. ಬೇರೆ ಎಲ್ಲಿ ಬಿಡುವುದು?

ಫಕ್ಕೀರವ್ವ ಮೂಡಲ ಓಣಿಯ ಕೊನೆಯ ಮನೆಯವಳು. ಅವಳೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ನನ್ನ ಮೊದಲ ಬಾಣಂತನದಲ್ಲಿ ತವರಿನಿಂದ ಯಾರೂ ಬರಲಾಗದಿದ್ದಾಗ ಇಪ್ಪತ್ತೊಂದು ದಿನ ಮುಂಜಾನೆ ಬಂದು ಎಣ್ಣೆ ಹಚ್ಚಿ ನೀರು ಹಾಕಿ ಹೋದವಳು. ಹಳ್ಳದ ನೀರಿನಲ್ಲಿ ಮೆಂತ್ಯ, ಕೊತ್ತಂಬರಿ, ಬದನೆ ಬೆಳೆದು ಮಾರುತ್ತಿದ್ದಳು. ಆರು ವರ್ಷಗಳ ಹಿಂದೆ ಒಂದು ದಿನ ಅವಳ ಮೊಮ್ಮಗಳ ಕಾಲಿಗೆ ತುರಿಕೆ ಎದ್ದಿತು. ಆಮೇಲೆ ಮಡಿಗಳಲ್ಲಿ ಮೆಂತ್ಯ ಏಳಲಿಲ್ಲ. ಅವಳು ನಮ್ಮ ಮನೆಗೆ ಬಂದು ಹೇಳಿದಳು. ನಾನು, "ಹನ್ನೊಂದು ಮನಿ ಅದಾವ, ನಮ್ಮನ್ನ ಒಬ್ಬರನ್ನ ಯಾಕ ಕೇಳ್ತಿ?" ಎಂದೆ. ಅವಳು ಎದ್ದು ಹೋದಳು. ಅಂದಿನಿಂದ ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಆಚೆ ನೋಡುತ್ತಿದ್ದಳು.

ನಾನು ಹೇಳಹೊರಟ ಕಥೆ ಶುರುವಾದದ್ದು ಅವಳಿಂದಲೇ. ಒಂದು ತಿರುವಿನ ದಿನ ಊರಿನ ಸಭೆ ಸೇರಿತ್ತು. ಫಕ್ಕೀರವ್ವ ಎದ್ದು, ಚೀಲದಿಂದ ಒಂದು ಧೋತರ ತೆಗೆದು ಎಲ್ಲರ ನಡುವೆ ಹಾಸಿದಳು. ತಿರುಗಿ ಬಂದ ನೀರಲ್ಲಿ ಒಂದೇ ಸಲ ಒಗೆದ ಹೊಸ ಧೋತರ ಅದು. ಬೂದಿಗೆ ರಕ್ತ ಕಲಸಿದ ಹಾಗಿತ್ತು.

"ನಾ ಯಾರ ಹೆಸರೂ ಹೇಳಾಂಗಿಲ್ಲ," ಎಂದಳು. "ಇದನ್ನ ಉಟ್ಟಗೊಂಡು ಯಾರರ ಒಂದು ದಿನ ಊರಾಗ ತಿರಗ್ಯಾಡ್ರಿ. ಅಷ್ಟ ನಾ ಕೇಳೂದು."

ಯಾರೂ ಮುಂದೆ ಬರಲಿಲ್ಲ. ಹಿರಿಯರು ಬಹಳ ಹೊತ್ತು ಮಾತಾಡಿ, ನಾಲ್ಕು ತಿರುವು ಅವಧಿ ಕೊಟ್ಟರು. ನಾಲ್ಕನೆಯ ತಿರುವಿನ ಹೊತ್ತಿಗೆ ಬಣ್ಣದ ಮನೆಗಳಿಂದ ಬಣ್ಣದ ನೀರು ಹೊರಗೆ ಬರಬಾರದು. ಬಂದರೆ ಒಲೆ ಆರಿಸಬೇಕು. ಎರಡು ತಿಂಗಳು. ನನ್ನ ಪಕ್ಕದಲ್ಲಿ ಕೂತಿದ್ದ ಮುರಿಗೆಪ್ಪ ತಮ್ಮ ಕೆಂಪು ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು. ನಲವತ್ತು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಹೈಸ್ಕೂಲಿನ ಜೈನಾಬಿ ಟೀಚರ್ ಬಂದರು. ವಿಜ್ಞಾನ ಕಲಿಸುವವರು, ಬೇರೆ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ಮನೆ ಮಾಡಿದ್ದರು. ಮಕ್ಕಳ ಬಿಳಿ ಸಮವಸ್ತ್ರವೆಲ್ಲ ಗುಲಾಬಿಯಾಗುತ್ತಿದೆ ಎಂದು ಹಿಂದೆ ಎರಡು ಸಲ ದೂರಿದ್ದರು. ಈಗಲೂ ಅದಕ್ಕೇ ಬಂದಿರಬೇಕೆಂದು ನಾನು ಮುಖ ಗಂಟು ಹಾಕಿಕೊಂಡೇ ಚಹಾ ಕೊಟ್ಟೆ. ಅವರು ಚಹಾ ಹಿಡಿದುಕೊಂಡು ಹಿತ್ತಲಿಗೆ ನಡೆದರು. ನೂಲು ಜಾಲಾಡಿದ ನೀರು ಹರಿದು ಹೋಗುವ ಮೋರಿಯ ಬಾಯಿಗೆ ನಾವು ಒಂದು ಬೇವಿನ ಕೊರಡು ಅಡ್ಡ ಹಾಕಿದ್ದೆವು, ಮಣ್ಣು ಕೊಚ್ಚದಿರಲಿ ಎಂದು. ಕೊರಡು ಕೊಳೆತು, ಅದರ ಮೈಮೇಲೆ ಬೀಸಣಿಗೆಯಂಥ ಅಣಬೆಗಳು ಎದ್ದಿದ್ದವು. ಟೀಚರ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತವರು ಏಳಲೇ ಇಲ್ಲ. ಚಹಾ ಆರಿಹೋಯಿತು.

"ಅಕ್ಕಾರ, ಇಲ್ಲಿ ಬರ್ರಿ," ಎಂದು ಕರೆದರು. "ಈ ಕೊರಡ ಮ್ಯಾಲ ದಿನಾ ನೀಲಿ ನೀರು ಬೀಳತೈತಿ, ಹೌದಲ್ರಿ? ಕೊರಡು ನೀಲಿ ಆಗಬೇಕಿತ್ತು. ನೋಡ್ರಿ, ಅಣಬಿ ಇದ್ದಲ್ಲಿ ಬೆಳ್ಳಗ ಐತಿ."

ನಾನು ನೋಡಿದೆ. ವರ್ಷಗಟ್ಟಲೆ ಅದನ್ನು ದಾಟಿಕೊಂಡು ಓಡಾಡಿದ್ದೆ, ಒಂದು ದಿನವೂ ನೋಡಿರಲಿಲ್ಲ. ಅಣಬೆಯ ಸುತ್ತ ಅಂಗೈ ಅಗಲ ಕಟ್ಟಿಗೆ ತೊಳೆದಿಟ್ಟಂತೆ ಬಿಳುಪಾಗಿತ್ತು.

ಅವರು ನನಗೆ ತಿಳಿಯುವ ಹಾಗೆ ಹೇಳಿದರು. ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿಡುವ ಕಂದು ಪದಾರ್ಥ ಒಂದಿದೆಯಂತೆ, ಅದು ಯಾರಿಗೂ ಸುಲಭಕ್ಕೆ ದಕ್ಕುವುದಿಲ್ಲವಂತೆ. ಈ ಅಣಬೆ ಮಾತ್ರ ಒಂದು ರಸ ಬಿಟ್ಟು ಅದನ್ನು ಮುರಿದುಕೊಳ್ಳುತ್ತದೆ. "ಕಿಣ್ವ ಅಂತಾರ ಪುಸ್ತಕದಾಗ. ನಿಮ್ಮ ಪುಡಿ ಬಣ್ಣದ ಕಟ್ಟೋಣನೂ ಹೆಚ್ಚು ಕಡಿಮಿ ಅಂಥಾದ್ದರಿ. ಅದಕ್ಕ ಗುರುತು ಸಿಗತೈತಿ, ಮುರೀತೈತಿ."

ಮುರಿಗೆಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಸಾವಿರ ಕೊಡ ನೀರಿಗೆ ಒಂದು ಕೊರಡು ಏನ ಮಾಡೀತು?"

"ಒಂದು ಕೊರಡು ಅಲ್ಲರೀ ಕಾಕಾ. ಹಾಲಿಗೆ ಹೆಪ್ಪು ಹಾಕಿದಂಗ, ಇದನ್ನ ಬೆಳಸಬೇಕು."

ಹೆಪ್ಪು ಎಂದ ಮೇಲೆ ಅದು ನನ್ನ ಕೆಲಸವಾಯಿತು. ಜೋಳದ ಕಣಿಕೆ, ಅಂದರೆ ಒಣ ದಂಟು, ಕತ್ತರಿಸಿ, ಬಣ್ಣದ ಹಂಡೆಯಲ್ಲೇ ಕುದಿಸಿ ಬಸಿದು, ಆರಿದ ಮೇಲೆ ಅಣಬೆಯ ಚೂರು ಬೆರೆಸಿ ಗಡಿಗೆಗಳಲ್ಲಿ ತುಂಬಿ, ಮೇಲೆ ತೊಯ್ದ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿಟ್ಟೆ. ಮೊದಲ ಸಲ ಹಸಿರು ಬೂಸು ಬಂದು ನಾರಿತು. ಎರಡನೆಯ ಸಲ ಕಣಿಕೆಯನ್ನು ಇನ್ನೂ ಒಂದು ತಾಸು ಹೆಚ್ಚು ಕುದಿಸಿದೆ. ಹನ್ನೆರಡನೆಯ ದಿನ ಬಟ್ಟೆ ಬಿಚ್ಚಿದರೆ ಗಡಿಗೆಯೊಳಗೆಲ್ಲ ಬಿಳಿ ಎಳೆ. ಸಣ್ಣ, ತೆಳ್ಳಗಿನ, ಒಂದಕ್ಕೊಂದು ಹೆಣೆದುಕೊಂಡ ಎಳೆ. ಜೀವನವೆಲ್ಲ ನೂಲು ಹಿಡಿದವಳು ನಾನು. ಅಂಥ ಎಳೆಯನ್ನು ಯಾವ ರಾಟೆಯೂ ತೆಗೆದದ್ದನ್ನು ಕಂಡಿಲ್ಲ.

ಆ ಗಡಿಗೆಗೆ ಬಣ್ಣದ ನೀರು ಸುರಿದ ದಿನವೇ ಎಳೆಯೆಲ್ಲ ಸತ್ತುಹೋಯಿತು. ಹಂಡೆಯಿಂದ ಬಂದ ನೀರು ಬಿಸಿ, ಮೇಲೆ ಸೋಡಾದ ಉರಿ. ಟೀಚರ್ ಶಾಲೆಯಿಂದ ಬಣ್ಣ ಬದಲಾಯಿಸುವ ಕಾಗದ ತಂದು ಅದ್ದಿ, ಹುಳಿ ಇದ್ದರೆ ಮಾತ್ರ ಇದು ಬದುಕುತ್ತದೆ ಎಂದರು. ಆಗ ಮುರಿಗೆಪ್ಪ ಮೊದಲ ಸಲ ಕೆಲಸಕ್ಕೆ ಕೈ ಹಾಕಿದರು. ಅಲ್ಲಿಯವರೆಗೆ ಹೆಂಗಸರ ಆಟ ನೋಡುವವರಂತೆ ದೂರ ಕೂತಿದ್ದರು. ನೀರನ್ನು ಒಂದು ದಿನ ಆರಲು ಬಿಟ್ಟು, ಹುಣಸೆ ಹುಳಿ ಕಿವುಚಿ ಹಾಕಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿ, "ಇನ್ನ ಒಂದು ಹಿಡಿ," ಎಂದರು. ಮತ್ತೆ ಹಚ್ಚಿ, "ಆತು," ಎಂದರು. ಟೀಚರ್ ಕಾಗದ ಅದ್ದಿ ನೋಡಿದರು. ಸರಿಯಾಗಿತ್ತು. ಹುಣಸೆ ಹಣ್ಣು ಬಹಳ ಬೇಕಾಗುತ್ತದೆಂದು ಆಮೇಲೆ ಊರಿನ ಹುಳಿ ಮಜ್ಜಿಗೆಯನ್ನೆಲ್ಲ ತರಿಸತೊಡಗಿದೆವು. ನಮ್ಮ ಹಿತ್ತಲು ಹಬ್ಬದ ಮರುದಿನದ ಅಡುಗೆಮನೆಯಂತೆ ವಾಸನೆ ಹೊಡೆಯುತ್ತಿತ್ತು.

ನೀಲಿ ಒಂದೇ ದಿನದಲ್ಲಿ ಹೋಯಿತು. ಬೆಳಿಗ್ಗೆ ಸುರಿದದ್ದು ಮರುದಿನ ಬೆಳಿಗ್ಗೆ ತೆಳು ಕಷಾಯದ ಹಾಗಿತ್ತು, ಸಂಜೆಗೆ ನೀರೇ. ಕೆಂಪಿಗೆ ಐದು ದಿನ ಹಿಡಿಯಿತು. ಕಪ್ಪಿಗೆ ಒಂಬತ್ತು. ಮುರಿಗೆಪ್ಪ ಕೆಂಪಿನ ಗಡಿಗೆಯ ಮುಂದೆ ದಿನಾ ಕೂರುತ್ತಿದ್ದರು. ತಮ್ಮ ಬಣ್ಣ ಅಷ್ಟು ಸುಲಭವಾಗಿ ಬಗ್ಗಲಿಲ್ಲವೆಂದು ಅವರಿಗೆ ಒಳಗೊಳಗೇ ಹೆಮ್ಮೆಯಾಗಿತ್ತೆಂದು ನನಗೆ ಗೊತ್ತು. ಮೂರನೆಯ ತಿರುವಿನ ಹೊತ್ತಿಗೆ ಹಿತ್ತಲಲ್ಲಿ ನಾಲ್ಕು ತೊಟ್ಟಿ ಕಟ್ಟಿ, ಕಣಿಕೆಯ ಹೆಪ್ಪು ತುಂಬಿ, ಒಂದರಿಂದ ಒಂದಕ್ಕೆ ನೀರು ಇಳಿಯುವಂತೆ ಮಾಡಿದ್ದೆವು. ಕೊನೆಯ ತೊಟ್ಟಿಯಲ್ಲಿ ತಳ ಕಾಣುತ್ತಿತ್ತು. ಉಳಿದ ಹತ್ತು ಮನೆಯವರು ಬಂದು ಬಗ್ಗಿ ನೋಡಿ, ತಮ್ಮ ಮುಖ ತಾವೇ ಕಂಡು, ನಗುತ್ತ ಹೋದರು.

ಅಂದು ಜೈನಾಬಿ ಟೀಚರ್ ಮಾತ್ರ ನಗಲಿಲ್ಲ. ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಹೆಸರುಕಾಳು ಹರಡಿದರು. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ನಮ್ಮ ತೊಟ್ಟಿಯ ತಿಳಿನೀರು. ಮೂರು ದಿನ ಬಿಟ್ಟು ನೋಡಿದರೆ ಬಾವಿ ನೀರಿನ ಕಾಳೆಲ್ಲ ಬೆರಳುದ್ದ ಮೊಳಕೆ. ನಮ್ಮ ತಟ್ಟೆಯಲ್ಲಿ ಐವತ್ತಕ್ಕೆ ಏಳು ಮೊಳೆತಿದ್ದವು, ಅವೂ ತುದಿ ಕಂದಿ ಸುರುಟಿಕೊಂಡಿದ್ದವು.

"ಬಣ್ಣ ಮುರದೈತಿ, ಅಕ್ಕಾರ," ಎಂದರು. "ಆದರ ಮುರದ ಚೂರು ನೀರಾಗ ಅದಾವ. ಕಣ್ಣಿಗೆ ಕಾಣಾಂಗಿಲ್ಲ ಅಷ್ಟ. ಕೆಂಪಿಂದು ಜಾಸ್ತಿ."

ಅವರು ಹೋದ ಮೇಲೆ ನಾನು ಆ ತಟ್ಟೆಯನ್ನು ಒಳಗೆ ತಂದು ಕಪಾಟಿನ ಹಿಂದೆ ಇಟ್ಟೆ. ನಾಲ್ಕನೆಯ ತಿರುವಿಗೆ ಹನ್ನೊಂದು ದಿನವಿತ್ತು. ಹಿರಿಯರು ಕೇಳಿದ್ದು ಬಣ್ಣ ಇರಬಾರದೆಂದು. ಬಣ್ಣ ಇರಲಿಲ್ಲ. ಹೆಸರುಕಾಳಿನ ಮಾತನ್ನು ಯಾರೂ ಆಡಿರಲಿಲ್ಲ. ಟೀಚರಿಗೆ ಹೇಳಿ ಸುಮ್ಮನಾಗಿಸಬಹುದು, ಮುಂದೆ ನಿಧಾನವಾಗಿ ಸರಿ ಮಾಡೋಣ ಅನ್ನಬಹುದು. ಇನ್ನೂರು ಮಗ್ಗ, ಹನ್ನೊಂದು ಒಲೆ. ಹೀಗೆ ಲೆಕ್ಕ ಹಾಕುತ್ತ ನಾನು ರೊಟ್ಟಿ ಬಡಿಯುತ್ತಿದ್ದೆ. ಗಂಡನಿಗೂ ಹಾಗೇ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ನಾನೂ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅವರು ಕೊನೆಯ ತೊಟ್ಟಿಯ ಪಕ್ಕ ನಿಂತು ಬೊಗಸೆಯಲ್ಲಿ ನೀರು ಎತ್ತಿಕೊಂಡಿದ್ದರು. ಬಾಯಿಯ ಹತ್ತಿರ ಒಯ್ದಿದ್ದರು. ರುಚಿ ನೋಡುವುದು ಅವರ ಹುಟ್ಟು ಅಭ್ಯಾಸ, ಅದರಲ್ಲಿ ಹೊಸದೇನಿರಲಿಲ್ಲ. ಆದರೆ ನಾನು ಓಡಿಹೋಗಿ ಅವರ ಕೈಗೆ ಹೊಡೆದೆ. ನೀರು ಚೆಲ್ಲಿ ಅವರ ಅಂಗಿ ತೊಯ್ದಿತು. ಹಿಟ್ಟಿನ ಕೈಯಲ್ಲಿ ಅವರ ಮುಂಗೈ ಹಿಡಿದುಕೊಂಡೇ ನಿಂತಿದ್ದೆ.

"ಯಾಕ?" ಎಂದರು.

ಗಂಡನ ನಾಲಿಗೆಗೆ ತಾಕಬಾರದೆಂದು ಹೊಡೆದು ಚೆಲ್ಲಿದ ನೀರನ್ನು ನಾನು ಇನ್ನು ಹನ್ನೊಂದು ದಿನಕ್ಕೆ ಫಕ್ಕೀರವ್ವನ ಮಡಿಗೆ ಕಳಿಸುವವಳಿದ್ದೆ. ನನಗೆ ಎಣ್ಣೆ ಹಚ್ಚಿದ ಅವಳ ಕೈ ನೆನಪಾಯಿತು. ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮುರಿಗೆಪ್ಪ ನನ್ನ ಪಕ್ಕ ಕೂತರು. ಒದ್ದೆ ಅಂಗಿಯನ್ನು ಹಿಂಡಿಕೊಳ್ಳುತ್ತ, "ನಾಳೆ ಸಭಾಕ್ಕ ಹೋಗಿ ಹೇಳೂಣು," ಎಂದರು. ಅವರು ಬೇಕೆಂದೇ ಬೊಗಸೆ ಎತ್ತಿದ್ದರೋ ಏನೋ, ನಾನು ಈವರೆಗೂ ಕೇಳಿಲ್ಲ.

ನಾಲ್ಕನೆಯ ತಿರುವಿನವರೆಗೆ ಕಾಯದೆ ಮರುದಿನವೇ ಹಿರಿಯರನ್ನು ಸೇರಿಸಿದೆವು. ನಾನು ತಟ್ಟೆಗಳನ್ನು ಮುಂದಿಟ್ಟೆ. ಜೊತೆಗೆ ಒಂದು ಗಾಜಿನ ಲೋಟದಲ್ಲಿ ತೊಟ್ಟಿಯ ನೀರು. ಲೋಟ ನೋಡಿ ಹಿರಿಯರು ತಲೆದೂಗಿದರು. ಇದಕ್ಕಿಂತ ತಿಳಿನೀರು ಇರುತ್ತದೆಯೇ ಎಂದರು. ಆಗ ನಾನು ತಟ್ಟೆ ತೋರಿಸಿದೆ.

"ಬಣ್ಣ ಹೋಗೇತಿ. ವಿಷ ಪೂರಾ ಹೋಗಿಲ್ಲ," ಎಂದೆ. "ನೀವು ಕಣ್ಣಿಲೆ ನೋಡಿ ಪಾಸು ಮಾಡಿದರ ನಾವು ಬಿಟ್ಟಬಿಡತೀವಿ. ಅದಕ್ಕ ನೋಡಬ್ಯಾಡ್ರಿ. ಕಾಳು ಮೊಳೀತಾವೇನು ಅಂತ ಕೇಳ್ರಿ. ಮೊಳಿಯೂತನಕ ನಮ್ಮ ಮನಿ ನೀರು ಹೊರಗ ಬಿಡಾಂಗಿಲ್ಲ."

ಉಳಿದ ಬಣ್ಣದ ಮನೆಯವರು ನನ್ನನ್ನು ನೋಡಿದ ನೋಟ ಹೇಳುವುದು ಬೇಡ. ಒಬ್ಬಾತ ಅಲ್ಲೇ ಎದ್ದು, ದಾಕ್ಷವ್ವ ನಮ್ಮ ಹೊಟ್ಟೆಯ ಮೇಲೆ ಹೊಡೆದಳು ಎಂದ. ಹೆಂಗಸರ ಸಾಲಿನ ಕೊನೆಯಲ್ಲಿದ್ದ ಫಕ್ಕೀರವ್ವ ಎದ್ದು ಬಂದು ತಟ್ಟೆಯ ಮುಂದೆ ಬಗ್ಗಿದಳು. ಸುರುಟಿದ ಮೊಳಕೆ ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನನ್ನ ಕಡೆ ನೋಡಲಿಲ್ಲ. ಹಿರಿಯರಿಗೆ ಹೇಳಿದಳು: "ಇನ್ನೆರಡು ತಿರುವು ಕೊಡ್ರಿ. ತಾವಾಗಿ ಬಂದು ಹೇಳ್ಯಾರ." ಅಷ್ಟು ಹೇಳಿ ಹೋಗಿ ತನ್ನ ಜಾಗದಲ್ಲಿ ಕೂತಳು.

ಆ ಎರಡು ತಿರುವಿನಲ್ಲಿ ನಾವು ಮಾಡಿದ ಕೆಲಸ ನೆನೆದರೆ ಈಗಲೂ ಸೊಂಟ ನೋಯುತ್ತದೆ. ನಾಲ್ಕು ತೊಟ್ಟಿಯಾದ ಮೇಲೆ ಅಗಲವಾದ ಒಂದು ಹೊಂಡ ತೋಡಿದೆವು. ಹುಳಿ ಮಾಡಿದ್ದ ನೀರನ್ನು ಮತ್ತೆ ಸಮ ಮಾಡಲು ಸ್ವಲ್ಪ ಸುಣ್ಣ ಹಾಕಿದೆವು. ತಳಕ್ಕೆ ಉಸುಕು, ಇದ್ದಿಲು, ಅದರ ಮೇಲೆ ಜೊಂಡು ನೆಟ್ಟೆವು. ನೀರು ಮೆಟ್ಟಿಲು ಮೆಟ್ಟಿಲಾಗಿ ಬಿದ್ದು ಗಾಳಿ ಕುಡಿಯಲಿ ಎಂದು ಚಪ್ಪಡಿ ಜೋಡಿಸಿದೆವು. ಅಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಜೀವಿಗಳು ಉಳಿದ ಚೂರುಗಳನ್ನು ತಿನ್ನುತ್ತವೆ ಎಂದು ಟೀಚರ್ ಹೇಳಿದ್ದರು. ಅವಕ್ಕೂ ಹೊತ್ತು ಬೇಕಾಗುತ್ತದೆ. ಮೂರು ದಿನಕ್ಕೊಮ್ಮೆ ಹೆಸರುಕಾಳಿನ ತಟ್ಟೆ. ಐವತ್ತಕ್ಕೆ ಹದಿನೆಂಟು. ಐವತ್ತಕ್ಕೆ ಮೂವತ್ತು. ಆಮೇಲೆ ಎಷ್ಟು ದಿನವಾದರೂ ಮೂವತ್ತೊಂದಕ್ಕೇ ನಿಂತುಹೋಯಿತು.

ಕೊನೆಗೆ ಮುರಿಗೆಪ್ಪನವರೇ ಹೇಳಿದರು. "ಕೆಂಪು ಕಡಿಮಿ ಮಾಡೂಣು. ಸೀರಿ ಅಂಚಿಗಿ ಅಷ್ಟ. ಮೈಗೆ ಬ್ಯಾಡ."

ಆ ಮಾತು ಅವರ ಬಾಯಿಂದ ಬರಬಹುದೆಂದು ನಾನು ಎಣಿಸಿರಲಿಲ್ಲ. ಊಟಕ್ಕೆ ಕೂತಾಗ ಹೇಳಿದರು, ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನೇಕಾರರು ಗೊಣಗಿದರು, ಮೈಯೆಲ್ಲ ಕೆಂಪಿಲ್ಲದ ಸೀರೆ ಯಾರು ಕೊಳ್ಳುತ್ತಾರೆ ಎಂದರು. ಆದರೆ ನೀಲಿ ಮೈ, ಹಳದಿ ಮೈ, ಸಣ್ಣ ಕೆಂಪು ಅಂಚು. ನೋಡನೋಡುತ್ತ ಅದೂ ಕಣ್ಣಿಗೆ ಹಿಡಿಯಿತು. ಕೆಂಪಿನ ನೀರು ಸ್ವಲ್ಪವೇ ಆದ್ದರಿಂದ ಅದನ್ನು ತೊಟ್ಟಿಯಲ್ಲಿ ಹದಿನೈದು ದಿನ ಪೂರ್ತಿ ಇಟ್ಟುಕೊಳ್ಳಲು ಸಾಧ್ಯವಾಯಿತು. ಆರನೆಯ ತಿರುವಿಗೆ ಮೂರು ದಿನ ಮೊದಲು ತಟ್ಟೆಯ ಮೇಲಿನ ಬಟ್ಟೆ ತೆಗೆದೆ. ಐವತ್ತಕ್ಕೆ ನಲವತ್ತೇಳು. ಬಾವಿ ನೀರಿನ ತಟ್ಟೆಯಲ್ಲಿ ನಲವತ್ತೆಂಟು ಇದ್ದವು. ಟೀಚರ್ ಎರಡೆರಡು ಸಲ ಎಣಿಸಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ನನ್ನ ಮೇಲೆ ಕೂಗಾಡಿದ್ದವನೇ ಮೊದಲು ಬಾಗಿಲಿಗೆ ಬಂದ, ಕೈಯಲ್ಲಿ ಖಾಲಿ ಗಡಿಗೆ ಹಿಡಿದು. "ವೈನೀ, ಒಂದು ಸ್ವಲ್ಪ ಹೆಪ್ಪು," ಎಂದ, ಮುಖ ಕೆಳಗೆ ಹಾಕಿ. ಮೊಸರಿನ ಹೆಪ್ಪು ಕೇಳಲು ಬಂದವರನ್ನು ಯಾರಾದರೂ ಬರಿಗೈಯಲ್ಲಿ ಕಳಿಸುತ್ತಾರೆಯೇ? ಗಡಿಗೆ ತುಂಬ ಕೊಟ್ಟೆ. ಕಣಿಕೆ ಎಷ್ಟು ಹೊತ್ತು ಕುದಿಸಬೇಕೆಂದು ಮುರಿಗೆಪ್ಪ ಅವನ ಹಿಂದೆಯೇ ಬೀದಿಯ ಕೊನೆಯವರೆಗೆ ಹೇಳುತ್ತ ಹೋದರು. ವರ್ಷ ತುಂಬುವಷ್ಟರಲ್ಲಿ ಹನ್ನೊಂದೂ ಮನೆಯ ಹಿತ್ತಲಲ್ಲಿ ಬಿಳಿ ಎಳೆ ಹಬ್ಬಿತ್ತು. ಯಾರದ್ದಾದರೂ ಕೆಟ್ಟರೆ ಪಕ್ಕದ ಮನೆಯಿಂದ ಬರುತ್ತಿತ್ತು.

ಮೊದಲ ಒಂದೆರಡು ತಿರುವು ಹಳ್ಳ ಹಳೆಯ ಕೊಳೆಯನ್ನೇ ಆಚೆಯಿಂದೀಚೆ ತಂದುಹಾಕಿತು. ಆಮೇಲೆ ಪ್ರತಿ ಸಲ ಸ್ವಲ್ಪ ತೆಳುವಾಗುತ್ತ ಬಂತು. ಮಾರನೆಯ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ತಿರುವಿನ ಬೆಳಿಗ್ಗೆ ನಾನು ಬಟ್ಟೆಯ ಗಂಟು ಕಟ್ಟಿಕೊಂಡು ಮೂಡಲ ಓಣಿಯ ಕಡೆ ನಡೆದೆ. ನಮ್ಮ ಮನೆಯ ಮುಂದೆಯೇ ಒಗೆಯಬಹುದಿತ್ತು. ಯಾಕೆ ಅತ್ತ ಹೋದೆನೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಆ ಕಡೆಯ ನೀರು ಹೇಗಿದೆ ನೋಡಬೇಕು ಅನ್ನಿಸಿತ್ತು.

ಫಕ್ಕೀರವ್ವ ದಂಡೆಯ ದೊಡ್ಡ ಹಾಸುಬಂಡೆಯ ಮೇಲೆ ಕೂತು ಗಂಡನ ಧೋತರ ಒಗೆಯುತ್ತಿದ್ದಳು. ಮೊಮ್ಮಗಳು ಮೊಣಕಾಲುದ್ದ ನೀರಲ್ಲಿ ನಿಂತು ಮೆಂತ್ಯದ ಕಟ್ಟು ತೊಳೆಯುತ್ತಿದ್ದಳು. ನಾನು ದಡದಲ್ಲಿ ಗಂಟು ಹಿಡಿದು ನಿಂತೆ. ಅವಳು ಧೋತರ ಹಿಂಡಿ, ಕೊಡವಿ, ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಬೆಳಕು ಅದರ ಮೂಲಕ ಹಾದು ಅವಳ ಮುಖದ ಮೇಲೆ ಬಿದ್ದಿತ್ತು. ಆಮೇಲೆ ಅದನ್ನು ಹಾಸಿ, ಅಂಚುಗಳ ಮೇಲೆ ನಾಲ್ಕು ಕಲ್ಲಿಟ್ಟಳು.

ನಾನು ಬಂದದ್ದು ಅವಳಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ತನ್ನ ಬಕೆಟ್ಟನ್ನು ಎಡಕ್ಕೆ ಎಳೆದುಕೊಂಡು, ಸಾಬೂನು ಎತ್ತಿಕೊಂಡು, ಬಂಡೆಯ ಮೇಲೆ ಒಂದು ಮಾರು ಸರಿದು ಕೂತಳು.

"ನಿಂತ ಯಾಕ ನೋಡ್ತಿ?" ಎಂದಳು. "ಬಿಸಲ ಏರತೈತಿ. ಬಾ, ಕುಂದರ."